ಮಂಜುಗಡ್ಡೆಯ ಕೆಳಗಿನ ಮೀನಿಗೆ ಯಾವ ಊರು?

(ಸರಟೋಗಾದಲ್ಲಿ ನಡೆದ ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಪರದೇಶದಲ್ಲಿ ಇಬ್ಬರು ಕನ್ನಡಿಗರು ಮೊದಲ ಬಾರಿಗೆ ಭೇಟಿಯಾದಾಗ ಹೆಸರಿಗಿಂತ ಮುಂಚೆಯೇ ಕೇಳುವ ಪ್ರಶ್ನೆ 'ತಮ್ಮದು ಯಾವ ಊರಾಯಿತು?' ಎಂಬುದು. ಇಂದು ಅದೇ ಪ್ರಶ್ನೆಯನ್ನು ಒಂದು ಮೀನಿಗೆ ಕೇಳಲು ತಮ್ಮ ಅನುಮತಿಯನ್ನು ಕೋರುತ್ತೇವೆ.

ಒಂದು ಫೆಬ್ರವರಿಯಲ್ಲಿ ನಾವು ಮೂರು ಸಂಸಾರದವರು ಸರಟೋಗಾದಿಂದ ಹೊರಟು, 88ನೆಯ ಹೆದ್ದಾರಿಯನ್ನು ಹಿಡಿದು, ಸಿಯೆರಾ ನೆವಾಡಾ ಪರ್ವತದ ಕೇಪಲ್ಸ್ ಸರೋವರಕ್ಕೆ ಹೋಗಿದ್ದೆವು. ಸುಮಾರು 7,800 ಅಡಿ ಎತ್ತರದಲ್ಲಿರುವ ಆ ಸರೋವರ ಬಂಡೆಯಂತೆ ಹೆಪ್ಪುಗಟ್ಟಿತ್ತು. ಬೈರಿಗೆಯಿಂದ ಮಂಜುಗಡ್ಡೆಯನ್ನು ಕೊರೆದು, ತಟ್ಟೆಯಗಲದ ರಂಧ್ರದೊಳಕ್ಕೆ ಗಾಳವನ್ನು ಇಳಿಬಿಟ್ಟು, ಬೋರಲು ಹಾಕಿದ ಬಕೆಟ್ಟುಗಳ ಮೇಲೆ ಕುಳಿತವರು ಅಲ್ಲಲ್ಲಿ ಕಾಣುತ್ತಿದ್ದರು. ನಮ್ಮಲ್ಲಿ ಮೀನು ತಿನ್ನದವರೂ ಇದ್ದರು. ಆದರೆ ಫ್ಲಾಸ್ಕಿನ ಕಾಫಿ ಹೀರುತ್ತ ಆ ರಂಧ್ರವನ್ನೇ ನೋಡುತ್ತ ಕೂರುವುದಕ್ಕೆ ಯಾರ ಆಕ್ಷೇಪಣೆಯೂ ಇರಲಿಲ್ಲ. ಮಂಜುಗಡ್ಡೆಯ ಮೇಲೆ ಪರ್ಚ್ ಮೀನು ಹಿಡಿಯುವ ಚಿತ್ರವನ್ನು ಪುಸ್ತಕದಲ್ಲಿ ಕಂಡಿದ್ದ ನಮ್ಮ ಬಾಲಕನೊಬ್ಬ, ಇಲ್ಲಿ ಪರ್ಚ್ ಸಿಗುತ್ತದೆಯೇ ಎಂದು ಪಕ್ಕದ ವೃದ್ಧರನ್ನು ಕೇಳಿದ. 'ಇಲ್ಲಿರುವುದು ಟ್ರೌಟ್, ಮಗು. ಕ್ಯಾಲಿಫೋರ್ನಿಯಾದ ಸ್ವಂತ ಪರ್ಚ್ ನೀವು ಬಂದ ಕೆಳಗಿನ ನಾಡಿನದು. ಈಗ ಅದು ಅಲ್ಲಿಲ್ಲ' ಎಂದರು ಅವರು. ಆ ಮಾತೇ ಈ ಉಪನ್ಯಾಸಕ್ಕೆ ಮೂಲ.

ಮೊದಲು ಬೆಟ್ಟದ ಮೇಲಿನ ಕಥೆ. ಪ್ರಾಚೀನ ಹಿಮನದಿಗಳು ಕೊರೆದು ಮಾಡಿದ ಸಿಯೆರಾದ ಎತ್ತರದ ಸರೋವರಗಳಲ್ಲಿ ಬಹುಪಾಲು ಮೀನೇ ಇರಲಿಲ್ಲ. ಕೆಳಗಿನ ಹೊಳೆಗಳ ಮೀನು ಕಡಿದಾದ ಜಲಪಾತಗಳನ್ನು ಹತ್ತಲಾರದೆ ಹೋಗಿತ್ತು. 19ನೆಯ ಶತಮಾನದಲ್ಲಿ ಮನುಷ್ಯರು ಹೇಸರಗತ್ತೆಗಳ ಮೇಲೆ ಹಾಲಿನ ಕ್ಯಾನುಗಳಲ್ಲಿ ಮರಿಗಳನ್ನು ಹೊರಿಸಿ ತಂದರು. ಅನಂತರ ವಿಮಾನದಿಂದಲೂ ಸುರಿದರು. ಬ್ರೂಕ್ ಟ್ರೌಟ್ ಅಮೆರಿಕದ ಪೂರ್ವ ಭಾಗದಿಂದ ಬಂದಿತು. 1883ರಲ್ಲಿ ಜರ್ಮನಿಯಿಂದ ಈ ದೇಶಕ್ಕೆ ಬಂದ ಬ್ರೌನ್ ಟ್ರೌಟ್ ಕ್ರಮೇಣ ಇಲ್ಲಿಗೂ ತಲುಪಿತು. ಗಾಳ ಹಾಕುವವರಿಗೆ ಇದು ಹಬ್ಬವಾಯಿತು. ಮೀನಿನ ಭಯವನ್ನೇ ಅರಿಯದಿದ್ದ ಹಳದಿಗಾಲಿನ ಬೆಟ್ಟಗಪ್ಪೆಗಳಿಗೆ ಮಾತ್ರ ಆಪತ್ತಾಯಿತು.

ಪರ್ಚ್ ಮೀನಿನ ಪ್ರಯಾಣ ಇನ್ನೂ ವಿಚಿತ್ರವಾದುದು. ಖಂಡವನ್ನು ದಾಟುವ ರೈಲುಮಾರ್ಗ 1869ರಲ್ಲಿ ಪೂರ್ಣಗೊಂಡಿತು. 1873ರ ಜೂನ್ ತಿಂಗಳಲ್ಲಿ ಲಿವಿಂಗ್ಸ್ಟನ್ ಸ್ಟೋನ್ ಎಂಬ ಮತ್ಸ್ಯತಜ್ಞರು ಪರ್ಚ್, ಬಾಸ್, ಈಲ್ ಮೊದಲಾದ ಪೂರ್ವದ ಮೀನುಗಳನ್ನು ನೀರಿನ ತೊಟ್ಟಿಗಳಲ್ಲಿ ತುಂಬಿ, ಒಂದು ರೈಲುಡಬ್ಬಿಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೊರಟರು. ನೆಬ್ರಾಸ್ಕಾದ ಎಲ್ಖಾರ್ನ್ ನದಿಯ ಸೇತುವೆ ಕುಸಿದು ಡಬ್ಬಿ ನೀರಿಗೆ ಬಿದ್ದಿತು. ಸ್ಟೋನ್ ಬದುಕಿ ಉಳಿದರು. ಮೀನುಗಳು ನೆಬ್ರಾಸ್ಕಾದ ಪಾಲಾದವು. ಆದರೆ ಪ್ರಯತ್ನ ನಿಲ್ಲಲಿಲ್ಲ. 1879ರಲ್ಲಿ ನ್ಯೂ ಜೆರ್ಸಿಯಿಂದ ತಂದ ನೂರ ಮೂವತ್ತರಷ್ಟು ಪಟ್ಟೆಬಾಸ್ ಮೀನುಗಳನ್ನು ಕಾರ್ಕೀನೆಜ್ ಜಲಸಂಧಿಯಲ್ಲಿ ಬಿಡಲಾಯಿತು. ಇಪ್ಪತ್ತೇ ವರ್ಷಗಳಲ್ಲಿ, 1899ರ ವೇಳೆಗೆ, ಅದರ ವಾರ್ಷಿಕ ಹಿಡಿತ ಹತ್ತು ಲಕ್ಷ ಪೌಂಡುಗಳನ್ನು ಮೀರಿತು. ಪೂರ್ವದ ಹಳದಿ ಪರ್ಚ್ ಕೂಡ 1891ರಲ್ಲಿ ಇಲ್ಲಿಗೆ ಬಂದಿತು.

ಹಾಗಾದರೆ ಆ ವೃದ್ಧರು ಹೇಳಿದ ಪರ್ಚ್ ಯಾವುದು? ಅದು ಸ್ಯಾಕ್ರಮೆಂಟೋ ಪರ್ಚ್. ಹೆಸರು ಪರ್ಚ್ ಆದರೂ ಕುಲ ಬೇರೆ: ರಾಕಿ ಪರ್ವತಗಳ ಪಶ್ಚಿಮಕ್ಕೆ ಸ್ಥಳೀಯವಾದ ಏಕೈಕ ಸೂರ್ಯಮೀನು ಇದು. ವಿಜ್ಞಾನಿ ಷಾರ್ಲ್ ಜಿರಾರ್ 1854ರಲ್ಲಿ ಇದನ್ನು ವರ್ಣಿಸಿದರು. ಸ್ಯಾಕ್ರಮೆಂಟೋ ಮತ್ತು ಸಾನ್ ವಾಕಿನ್ ನದಿಗಳು, ಕ್ಲಿಯರ್ ಲೇಕ್, ಹಾಗೂ ನಮ್ಮ ಸಾಂತಾ ಕ್ಲಾರಾ ಕಣಿವೆಯ ದಕ್ಷಿಣದ ನೀರನ್ನು ಕಡಲಿಗೆ ಒಯ್ಯುವ ಪಹಾರೋ ನದಿ, ಇವೆಲ್ಲ ಇದರ ತವರು. ಮೂಲನಿವಾಸಿಗಳ ಹಳೆಯ ನೆಲೆಗಳನ್ನು ಅಗೆದಾಗ ಇದರ ಮೂಳೆಗಳು ಹೇರಳವಾಗಿ ದೊರೆತಿವೆ. 19ನೆಯ ಶತಮಾನದ ಕೊನೆಯಲ್ಲಿಯೂ ಇದು ಸಾನ್ ಫ್ರಾನ್ಸಿಸ್ಕೋದ ಮಾರುಕಟ್ಟೆಗೆ ಬರುತ್ತಿದ್ದಿತು.

ಅನಂತರ ಜೌಗು ಭೂಮಿಗಳು ಹೊಲಗಳಾದವು, ನದಿಗಳಿಗೆ ಕಟ್ಟೆಗಳು ಎದ್ದವು. ಪೂರ್ವದಿಂದ ತಂದ ಕ್ಯಾಟ್‌ಫಿಶ್, ಬ್ಲೂಗಿಲ್ ಮುಂತಾದವು ಇದರ ಮೊಟ್ಟೆಮರಿಗಳನ್ನು ತಿಂದವು, ಆಹಾರವನ್ನೂ ಜಾಗವನ್ನೂ ಕಸಿದವು. ತವರಿನ ನದಿಗಳಿಂದ ಈ ಮೀನು ಬಹುಮಟ್ಟಿಗೆ ಕಣ್ಮರೆಯಾಯಿತು. ಆದರೆ ಅಳಿಯಲಿಲ್ಲ. ಬೇರೆ ಮೀನುಗಳು ತಾಳದ ಕ್ಷಾರಜಲದಲ್ಲಿಯೂ ಬದುಕಬಲ್ಲ ಇದನ್ನು ಜನ ನೆವಾಡಾದ ಪಿರಮಿಡ್ ಸರೋವರಕ್ಕೆ ಕೊಂಡೊಯ್ದಿದ್ದರು. 1960ರ ದಶಕದಲ್ಲಿ ನೆಬ್ರಾಸ್ಕಾಕ್ಕೂ ಒಯ್ದರು. ಪೂರ್ವದ ಪರ್ಚ್ ನೀರಿಗೆ ಬಿದ್ದ ರಾಜ್ಯವೇ ಪಶ್ಚಿಮದ ಪರ್ಚ್‌ಗೆ ಆಶ್ರಯವಿತ್ತಿತು! ಲಾಸ್ ಏಂಜಲಿಸ್ ನಗರ ತನ್ನ ನೀರಿಗಾಗಿ 1941ರಲ್ಲಿ ಸಿಯೆರಾದ ಪೂರ್ವಕ್ಕೆ ಕಟ್ಟಿದ ಕ್ರೌಲಿ ಸರೋವರದಲ್ಲಿಯೂ ಇಂದು ಅದು ನೆಲೆಸಿದೆ. ಬಯಲಿನ ಬೆಚ್ಚಗಿನ ನೀರಿನ ಮೀನು ಬೆಟ್ಟದಾಚೆ, ಚಳಿಗಾಲದ ಮಂಜುಗಡ್ಡೆಯ ಕೆಳಗೆ, ವಲಸೆಗಾರನಾಗಿ ಬದುಕುತ್ತಿದೆ.

ಇದು ಅಮೆರಿಕದ ಕಥೆ ಮಾತ್ರವೆಂದು ಭಾವಿಸಬೇಡಿ. ಸ್ಟೋನ್ ಅವರ ರೈಲು ನದಿಗೆ ಬಿದ್ದ 1873ರಲ್ಲಿಯೇ ನಮ್ಮ ಮಂಗಳೂರಿನಲ್ಲಿ ಎಚ್. ಎಸ್. ಥಾಮಸ್ ಎಂಬ ಮದರಾಸು ಸರ್ಕಾರದ ಅಧಿಕಾರಿಯ 'ದಿ ರಾಡ್ ಇನ್ ಇಂಡಿಯಾ' ಎಂಬ ಗ್ರಂಥ ಮುದ್ರಣವಾಯಿತು. ಮಹಶೀರ್ ಮೀನಿನ ಕೀರ್ತಿಯನ್ನು ಗಾಳಗಾರರ ಲೋಕಕ್ಕೆ ಸಾರಿದ ಗ್ರಂಥವದು. ಕಾವೇರಿಯ ಡುಬ್ಬದ ಮಹಶೀರ್ ಮೀನನ್ನು ನೋಡಲೆಂದೇ ವಿದೇಶೀಯರು ಭೀಮೇಶ್ವರಿಗೆ ಬರುತ್ತಿದ್ದ ಕಾಲವೊಂದಿತ್ತು. 1970ರ ದಶಕದಿಂದ ಮೀನಿನ ಸಂತತಿಯನ್ನು ಹೆಚ್ಚಿಸುವ ಸದುದ್ದೇಶದಿಂದಲೇ ಲೋಣಾವಳದಲ್ಲಿ ಬೆಳೆಸಿದ ಬೇರೊಂದು ಜಾತಿಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಹೊಸದು ಹಬ್ಬಿತು, ಹಳೆಯದು ಕುಗ್ಗಿತು. ಜಗತ್ಪ್ರಸಿದ್ಧವಾದ ಆ ಮೀನಿನ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಹೆಸರಿಡುವ ಮೊದಲೇ ಕಳೆದುಕೊಳ್ಳುವ ಸ್ಥಿತಿಗೆ ಬಂದಿದ್ದೆವು.

ಹೊರಗಿನಿಂದ ಬಂದುದೆಲ್ಲ ಕೇಡೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಹಾಗಾದರೆ ನಾವು ಇಲ್ಲಿ ನಿಂತು ಮಾತನಾಡುವ ಹಾಗೆಯೇ ಇರಲಿಲ್ಲ. ಮೀನು ತಾನಾಗಿ ರೈಲು ಹತ್ತಲಿಲ್ಲ. ಹತ್ತಿಸಿದವರು ಆ ನೀರಿನಲ್ಲಿ ಮೊದಲೇ ಯಾರಿದ್ದಾರೆಂದು ವಿಚಾರಿಸಲಿಲ್ಲ. ಮೀನಿಗೆ ಕೇಳಲು ಬಾರದ ಆ ಪ್ರಶ್ನೆ ನಮಗೆ ಬರುತ್ತದೆ. ನಾವು ಮನೆ ಕಟ್ಟಿಕೊಂಡಿರುವ ಈ ನೆಲದಲ್ಲಿ ಓಲೋನಿ ಜನರು ಇದ್ದರು, ಅವರ ಸಂತತಿಯವರು ಇಂದಿಗೂ ಇದ್ದಾರೆ. ಇಲ್ಲಿ ಹರಿಯುವ ತೊರೆಗಳಿಗೂ ತಮ್ಮದೇ ಆದ ಮೀನುಗಳಿದ್ದವು. ಆ ಹೆಸರುಗಳನ್ನು ಕಾವೇರಿಯ ಹೆಸರಿನೊಂದಿಗೆ ನಮ್ಮ ಮಕ್ಕಳು ಕಲಿಯಲಿ.

ಆ ದಿನ ನಮಗೆ ಒಂದು ಮೀನೂ ಸಿಗಲಿಲ್ಲ. ಹಿಂದಿರುಗುವಾಗ ಬಾಲಕ ಮತ್ತೆ ಕೇಳಿದ: 'ಹಾಗಾದರೆ ನಮ್ಮ ಊರಿನ ಮೀನು ಯಾವಾಗ ವಾಪಸು ಬರುತ್ತದೆ?' ಅವನು ನಮ್ಮ ಊರೆಂದದ್ದು ಸರಟೋಗಾವನ್ನು. ಅದನ್ನು ಕೇಳಿ ನಮಗೆ ಸಂತೋಷವಾಯಿತು, ಉತ್ತರ ಮಾತ್ರ ಹೊಳೆಯಲಿಲ್ಲ.