ಅಪಘಾತ ಆದ್ಮೇಲೆ ಪರಿಹಾರದ ಕೇಸ್ ಹಾಕೋದು ದುರಾಸೆಯೇ? ಲೆಕ್ಕ ಹೇಗೆ, ಕೊಡೋದು ಯಾರು?

"ಈಗ ಕಾಲಿಗೆ ಸ್ವಲ್ಪ ಪೆಟ್ಟಾದ್ರೂ ಸಾಕು, ಕೇಸ್ ಹಾಕಿ ಲಕ್ಷಗಟ್ಟಲೆ ಕೇಳ್ತಾರೆ." ಟೀ ಅಂಗಡಿ ಮುಂದೆ ಈ ಮಾತು ಸಾಮಾನ್ಯ. ಇನ್ನೊಂದು ಕಡೆ, ದುಡಿಯುವ ಮಗನನ್ನೋ ಗಂಡನನ್ನೋ ಕಳೆದುಕೊಂಡವರು "ಸತ್ತವರ ಹೆಸರಲ್ಲಿ ದುಡ್ಡು ಮಾಡ್ಕೊಂಡ್ರು ಅಂತಾರೆ" ಎಂದು ಅಂಜಿ ಕೋರ್ಟಿನ ಕಡೆ ಮುಖ ಹಾಕುವುದಿಲ್ಲ. ಕಾನೂನು ಏನು ಹೇಳುತ್ತದೆ ಎಂಬ ಮಾಹಿತಿ ಇಲ್ಲಿದೆ.

ಕೇಳಿದಷ್ಟು ಸಿಗುತ್ತಾ?

ಇಲ್ಲ. ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿ ಲೆಕ್ಕ ಹಾಕಿಯೇ ಕೊಡುತ್ತದೆ. ಈ ಲೆಕ್ಕದ ಸೂತ್ರವನ್ನು ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ಪ್ರಕರಣಗಳಲ್ಲಿ ನಿಗದಿ ಮಾಡಿದೆ.

ಒಂದು ಉದಾಹರಣೆ. ಸ್ವಂತ ದುಡಿಮೆಯ 35 ವರ್ಷದ ವ್ಯಕ್ತಿ ತೀರಿಕೊಂಡರು ಎಂದುಕೊಳ್ಳಿ. ತಿಂಗಳ ಆದಾಯ 12,000 ರೂಪಾಯಿ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ಮುಂದೆ ಆದಾಯ ಹೆಚ್ಚುತ್ತಿತ್ತು ಎಂದು ಶೇ. 40 ಸೇರಿಸಿದರೆ 16,800. ಅವರ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದರೆ 12,600. ವರ್ಷಕ್ಕೆ 1,51,200. ಆ ವಯಸ್ಸಿಗೆ ಗುಣಕ 16. ಒಟ್ಟು 24,19,200 ರೂಪಾಯಿ. ಇದರ ಜೊತೆ ಅಂತ್ಯಕ್ರಿಯೆ ಖರ್ಚು ಮುಂತಾದವಕ್ಕೆ ನಿಗದಿತ ಮೊತ್ತ ಸೇರುತ್ತದೆ.

ದೊಡ್ಡ ಮೊತ್ತ ಅನ್ನಿಸಬಹುದು. ಆದರೆ ಅದು ಆ ಮನೆಗೆ ವರ್ಷ ವರ್ಷವೂ ಬರಬೇಕಿದ್ದ ಸಂಪಾದನೆ. ಸತ್ತವರದೂ ಭಾಗಶಃ ತಪ್ಪಿದ್ದರೆ ಅಷ್ಟು ಪಾಲು ಕಡಿತವಾಗುತ್ತದೆ.

ಪೂರ್ತಿ ತಪ್ಪು ಅವರದೇ ಆಗಿದ್ದರೆ? 2014ರಲ್ಲಿ ಅರಸೀಕೆರೆ ಕಡೆ ಹೋಗುತ್ತಿದ್ದ ಕಾರೊಂದು ಪಲ್ಟಿಯಾಗಿ ಓಡಿಸುತ್ತಿದ್ದವರು ಮೃತಪಟ್ಟರು. ಕುಟುಂಬ 80 ಲಕ್ಷ ಕೇಳಿತ್ತು. ಅತಿವೇಗ, ಅಜಾಗರೂಕತೆ ಅವರದೇ ಎಂದು ಹೈಕೋರ್ಟ್ ಪರಿಹಾರ ನಿರಾಕರಿಸಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು.

ದುಡ್ಡು ಯಾರ ಜೇಬಿಂದ?

ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಮಾಡಿರುವುದೇ ಇದಕ್ಕೆ. ವಿಮೆ ಚಾಲ್ತಿಯಲ್ಲಿದ್ದರೆ ಸಾಮಾನ್ಯವಾಗಿ ವಿಮಾ ಕಂಪನಿ ಕೊಡುತ್ತದೆ. ಹಾಗಾಗಿ "ಪಾಪ, ಗಾಡಿಯವನಿಗೆ ಯಾಕೆ ತೊಂದರೆ" ಎಂದು ಸುಮ್ಮನಾಗುವ ಅಗತ್ಯ ಹೆಚ್ಚಿನ ಕೇಸುಗಳಲ್ಲಿ ಇರುವುದಿಲ್ಲ.

ಅಂಗಡಿ ಮಾಲೀಕರು ಗಮನಿಸಬೇಕಾದ್ದು ಇಲ್ಲೇ. ಸಾಮಾನು ತರುವ ಗೂಡ್ಸ್ ಆಟೋ ಅಥವಾ ಹುಡುಗರು ಓಡಿಸುವ ಬೈಕಿನ ವಿಮೆ ಮುಗಿದಿದ್ದರೆ ಪರಿಹಾರ ಮಾಲೀಕರ ತಲೆಗೇ ಬರುತ್ತದೆ. ಓಡಿಸಿದವರಿಗೆ ಡಿಎಲ್ ಇರದಿದ್ದರೆ ಕಂಪನಿ ಮೊದಲು ಕೊಟ್ಟು, ಆಮೇಲೆ ಮಾಲೀಕರಿಂದ ವಸೂಲಿ ಮಾಡುವಂತೆ ಆದೇಶ ಆಗಬಹುದು.

ಹಾಗಾದ್ರೆ ಸುಳ್ಳು ಕೇಸ್ ಇಲ್ವಾ?

ಇವೆ. ತಾನೇ ಬಿದ್ದ ಬೈಕಿಗೆ ಬೇರೆ ಗಾಡಿ ಗುದ್ದಿತು ಅನ್ನೋದು, ವಿಮೆ ಇರುವ ಇನ್ಯಾವುದೋ ಗಾಡಿಯ ನಂಬರ್ ಸೇರಿಸೋದು ಹಳೇ ದಾರಿ. ಉತ್ತರ ಪ್ರದೇಶದಲ್ಲಿ ಇಂಥ ಕೇಸುಗಳ ತನಿಖೆಗೆ 2015ರಲ್ಲಿ ಅಲಹಾಬಾದ್ ಹೈಕೋರ್ಟ್ ಆದೇಶದಂತೆ ವಿಶೇಷ ತಂಡವೇ ರಚನೆಯಾಯಿತು. ವಕೀಲರ ಮೇಲೂ ಕ್ರಮ ಆಯಿತು. ಸುಳ್ಳು ಕೇಸ್‌ಗಳಿಂದಾಗಿ ನಿಜವಾಗಿ ಪೆಟ್ಟು ತಿಂದವರನ್ನೂ ಅನುಮಾನದಿಂದ ನೋಡುವಂತಾಗಿದೆ.

ಕೇಳದೇ ಇರೋರೇ ಹೆಚ್ಚು

ಗುದ್ದಿದ ಗಾಡಿ ಪತ್ತೆಯಾಗದಿದ್ದರೆ ಹಿಟ್ ಆ್ಯಂಡ್ ರನ್ ಯೋಜನೆಯಡಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ. 2022ರ ಏಪ್ರಿಲ್ 1ರಿಂದ ಈ ಮೊತ್ತ ಜಾರಿಯಲ್ಲಿದೆ. ಅರ್ಜಿಯ ವಿಚಾರಣೆ ಉಪವಿಭಾಗ ಅಥವಾ ತಾಲ್ಲೂಕು ಮಟ್ಟದ ಕಂದಾಯ ಅಧಿಕಾರಿಯದು, ಮಂಜೂರಾತಿ ಜಿಲ್ಲಾಧಿಕಾರಿಯದು. ಇಂಥ ಅಪಘಾತಗಳಿಗೆ ಹೋಲಿಸಿದರೆ ಅರ್ಜಿ ಹಾಕುವವರು ತೀರಾ ಕಡಿಮೆ ಎಂದು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಗಮನಿಸಿತು. ಒಂದು ತಿಂಗಳಲ್ಲಿ ಗಾಡಿ ಪತ್ತೆಯಾಗದಿದ್ದರೆ ಪೊಲೀಸರೇ ಈ ಯೋಜನೆ ಬಗ್ಗೆ ಸಂತ್ರಸ್ತರಿಗೆ ಲಿಖಿತವಾಗಿ ತಿಳಿಸಬೇಕು ಎಂದೂ ಆದೇಶಿಸಿತು.

ಏನು ಮಾಡಬೇಕು?

* ತಡ ಮಾಡದೆ ಠಾಣೆಗೆ ದೂರು ಕೊಡಿ. ಎಫ್‌ಐಆರ್, ಮಹಜರು, ವೂಂಡ್ ಸರ್ಟಿಫಿಕೇಟ್, ಆಸ್ಪತ್ರೆ ಬಿಲ್ ಎಲ್ಲದರ ಪ್ರತಿ ಇಟ್ಟುಕೊಳ್ಳಿ.
* ಆದಾಯಕ್ಕೆ ದಾಖಲೆ ಮುಖ್ಯ. ಬ್ಯಾಂಕ್ ಪಾಸ್‌ಬುಕ್, ಅಂಗಡಿ ಲೈಸೆನ್ಸ್, ಪಹಣಿ ನೆರವಿಗೆ ಬರುತ್ತವೆ.
* ನ್ಯಾಯಮಂಡಳಿಗೆ ಅರ್ಜಿ ಹಾಕಲು ಕಾನೂನಲ್ಲಿ ಆರು ತಿಂಗಳ ಮಿತಿ ಇದೆ. ಇದನ್ನು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಲಾಗಿದೆ. ತಡವಾದವರು ವಕೀಲರನ್ನು ಕೇಳದೆ ಕೈಬಿಡಬೇಡಿ.
* ಅಪಘಾತ ಎಲ್ಲೇ ಆಗಿರಲಿ, ತಾವು ವಾಸವಿರುವ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು.
* ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರಿಗೆ ವಕೀಲರ ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ ಅಥವಾ 15100ಕ್ಕೆ ಕರೆ ಮಾಡಿ.
* ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಬೇಗ ಮುಗಿಯುತ್ತದೆ. ಆದರೆ ಅದರ ಮೇಲೆ ಅಪೀಲು ಇಲ್ಲ. ಮೊತ್ತ ಸರಿಯೇ ಎಂದು ನೋಡಿಕೊಂಡೇ ಸಹಿ ಹಾಕಿ.

ಸುಳ್ಳು ಹೇಳಿ ಕೇಳುವುದು ಅಪರಾಧ. ದುಡಿಯುವ ಕೈ ಕಳೆದುಕೊಂಡ ಮನೆಯವರು ದಾಖಲೆ ಇಟ್ಟು ಕೇಳುವುದು ಹಕ್ಕು. ಊರಿನವರು ಏನಂದಾರು ಎಂದು ಸುಮ್ಮನಾದರೆ ಮಕ್ಕಳ ಸ್ಕೂಲ್ ಫೀಸು ಕಟ್ಟೋಕೆ ಊರಿನವರು ಬರುವುದಿಲ್ಲ.