ಗದ್ವಾಲ್: ಸ್ವತಂತ್ರವಾಗಿ ಹೋಗಿಬರುವವರಿಗೆ ಮಾಹಿತಿ

ತೆಲಂಗಾಣದ ಜೋಗುಳಾಂಬ ಗದ್ವಾಲ್ ಜಿಲ್ಲೆ ರಚನೆಯಾದದ್ದು 2016ರ ಅಕ್ಟೋಬರ್ 11ರಂದು. ಜಿಲ್ಲಾಕೇಂದ್ರ ಗದ್ವಾಲ್‌ಗೆ ರಾಯಚೂರಿನಿಂದ ರೈಲು ಮಾರ್ಗವಿದೆ. ಊರೊಳಗಿನ ಮಣ್ಣಿನ ಕೋಟೆ ಹಾಗೂ ಅದರಲ್ಲಿನ ಚೆನ್ನಕೇಶವ ದೇವಾಲಯವನ್ನು ನಡೆದೇ ನೋಡಬಹುದು. ಹತ್ತಿಯ ಒಡಲಿಗೆ ರೇಷ್ಮೆಯ ಅಂಚು, ಸೆರಗು ಕೂಡಿಸಿ ನೇಯುವುದು ಇಲ್ಲಿನ ಸೀರೆಯ ವಿಶೇಷ.

ಆಲಂಪುರಕ್ಕೆ ಬೇರೆ ದಿನವನ್ನೇ ಇಟ್ಟುಕೊಳ್ಳಬೇಕು. ತುಂಗಭದ್ರೆಯ ದಡದ ಈ ಕ್ಷೇತ್ರ ಗದ್ವಾಲ್‌ಗಿಂತ ಕರ್ನೂಲಿಗೆ ಹತ್ತಿರ. ಶಕ್ತಿಪೀಠವಾದ ಜೋಗುಳಾಂಬ ದೇವಾಲಯದ ಪಕ್ಕದಲ್ಲೇ ಬಾದಾಮಿ ಚಾಲುಕ್ಯರ ಕಾಲದ ನವಬ್ರಹ್ಮ ದೇವಾಲಯಗಳಿವೆ. ಕೃಷ್ಣಾ–ತುಂಗಭದ್ರಾ ಸಂಗಮದಲ್ಲಿದ್ದ ಕೂಡವೆಲ್ಲಿ ಗ್ರಾಮ ಶ್ರೀಶೈಲಂ ಜಲಾಶಯದಲ್ಲಿ ಮುಳುಗಿತು. ಅಲ್ಲಿನ ಸಂಗಮೇಶ್ವರ ಗುಡಿಯನ್ನು ಮಾತ್ರ ಬಿಚ್ಚಿ ತಂದು ಆಲಂಪುರದಲ್ಲಿ ಮರಳಿ ಕಟ್ಟಲಾಗಿದೆ. ಅವಸರದಲ್ಲಿ ಬಂದವರು ಇದನ್ನು ನೋಡದೆಯೇ ಹಿಂತಿರುಗುವ ಸಂಭವವಿದೆ.