ಪರದೇಶದಲ್ಲಿ ಮುಪ್ಪನ್ನು ಕಳೆದ ಮೂವರು ಪಂಡಿತರು

ಮಹಾಭಾರತದ ಯಕ್ಷಪ್ರಶ್ನ ಪ್ರಕರಣದಲ್ಲಿ ಸುಖಿಯಾರೆಂದು ಕೇಳಿದ ಯಕ್ಷನಿಗೆ ಧರ್ಮರಾಜನು ಕೊಟ್ಟ ಉತ್ತರವು ವಾಚಕಮಹಾಶಯರಿಗೆ ವಿದಿತವಾದುದೇ ಆಗಿದೆ. ಋಣವಿಲ್ಲದೆಯೂ ಪ್ರವಾಸವಿಲ್ಲದೆಯೂ ತನ್ನ ಮನೆಯಲ್ಲಿ ಸೊಪ್ಪನ್ನಾದರೂ ಬೇಯಿಸಿಕೊಂಡು ಉಣ್ಣುವವನೇ ಸುಖಿಯೆಂಬುದು ಅದರ ತಾತ್ಪರ್ಯ. ಪರಸ್ಥಳವಾಸವನ್ನು ನಮ್ಮ ಹಿರಿಯರು ಸಾಲಕ್ಕೆ ಸಮಾನವಾದ ದುಃಖವೆಂದು ಎಣಿಸಿದ್ದರೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ತಲೆ ನರೆತು, ಮೈ ಸುಕ್ಕುಗಟ್ಟಿ, ಮೊಮ್ಮಗನ ಮುಖವನ್ನು ಕಂಡ ಗೃಹಸ್ಥನಿಗೆ ಮನುವು ವನವನ್ನು ವಿಧಿಸಿದನೇ ಹೊರತು ಪರದೇಶವನ್ನು ವಿಧಿಸಲಿಲ್ಲ. ಆ ವನದಲ್ಲಿಯೂ ಪಂಚಮಹಾಯಜ್ಞಗಳೂ ನಿತ್ಯಸ್ವಾಧ್ಯಾಯವೂ ಅತಿಥಿಸತ್ಕಾರವೂ ನಡೆಯತಕ್ಕುವೆಂದು ಹೇಳಿ, ವೃದ್ಧನ ಹಗಲು ಬರಿದಾಗಿ ಉಳಿಯದಂತೆ ಕಟ್ಟುಮಾಡಿದನು.

ಈ ಕಾಲದಲ್ಲಿಯಾದರೋ ಉದ್ಯೋಗದಿಂದ ನಿವೃತ್ತರಾದ ಅನೇಕರು ಮಕ್ಕಳಿರುವ ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯ ಮೊದಲಾದ ದೇಶಗಳಿಗೆ ಹೋಗಿ ನೆಲಸುತ್ತಿರುವರು. ಅಲ್ಲಿ ಅನ್ನವಸ್ತ್ರಗಳಿಗೆ ಕೊರತೆಯಿಲ್ಲದಿದ್ದರೂ, ಮಗನೂ ಸೊಸೆಯೂ ಕೆಲಸಕ್ಕೆ ಹೊರಟ ಮೇಲೆ ಹಗಲನ್ನು ಕಳೆಯುವುದೇ ದುಸ್ತರವಾಗುವುದೆಂದು ಹೇಳುವವರು ಬಹುಮಂದಿ. ಬೇಸರವೆಂದು ನಾವು ಈಗ ಹೇಳುವ ಮಾತಿಗೆ ಮೂಲವಾದ ಹಳಗನ್ನಡದ ‘ಬೇಸಱ್’ ಎಂಬ ಧಾತುವಿಗೆ ದಣಿಯುವುದೆಂಬ ಅರ್ಥವೂ ಉಂಟು. ಕೆಲಸವಿಲ್ಲದಿರುವುದೇ ಒಂದು ದಣಿವೆಂಬ ಅನುಭವವು ಈ ಶಬ್ದದಲ್ಲಿ ಅಡಗಿರುವುದು. ಪರದೇಶದಲ್ಲಿ ಮುಪ್ಪನ್ನು ಕಳೆಯುವವನನ್ನು ಈ ದಣಿವಿನಿಂದ ಕಾಪಾಡತಕ್ಕುದು ಯಾವುದು? ಧನವೇ, ಮಾನವೇ, ಭಾಷಾಜ್ಞಾನವೇ, ಅಥವಾ ಬೇರೊಂದೇ? ನಮ್ಮ ದೇಶದ ಮೂವರು ಪಂಡಿತರ ಚರಿತ್ರೆಯು ಈ ವಿಚಾರಕ್ಕೆ ಸಾಮಗ್ರಿಯನ್ನು ಒದಗಿಸುತ್ತದೆ. ಕಾಲಕ್ರಮವನ್ನು ಬಿಟ್ಟು, ವಿಚಾರಕ್ಕೆ ಅನುಕೂಲವಾದ ಕ್ರಮದಲ್ಲಿ ಅವರನ್ನು ಇಲ್ಲಿ ತೆಗೆದುಕೊಳ್ಳಲಾಗಿದೆ.

೧. ಬಿಲ್ಹಣ

ಮೊದಲನೆಯವನು ಕನ್ನಡನಾಡಿಗೆ ಬಂದು ನೆಲಸಿದ ಕಾಶ್ಮೀರಕವಿ ಬಿಲ್ಹಣ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದವನಿಗೆ ಕಲ್ಯಾಣವು ನುಡಿಯಿಂದಲೂ ಹವೆಯಿಂದಲೂ ಆಹಾರದಿಂದಲೂ ಪರದೇಶವೇ ಸರಿ. ಇವನ ‘ವಿಕ್ರಮಾಂಕದೇವಚರಿತ’ದ ಹಸ್ತಪ್ರತಿಯನ್ನು ಬ್ಯೂಲರ್ ಪಂಡಿತನು ೧೮೭೪ರಲ್ಲಿ ಜೈಸಲ್ಮೇರಿನ ಜೈನಭಂಡಾರದಲ್ಲಿ ಕಂಡು ೧೮೭೫ರಲ್ಲಿ ಮುದ್ರಿಸಿದನು. ಅದರ ಹದಿನೆಂಟನೆಯ ಸರ್ಗವು ಕವಿಯ ಆತ್ಮವೃತ್ತಾಂತ. ಪ್ರವರಪುರದ ಬಳಿಯ ಖೋನಮುಖವೆಂಬ ಗ್ರಾಮವು ಅವನ ಜನ್ಮಸ್ಥಳ. ತಂದೆ ಜ್ಯೇಷ್ಠಕಲಶ, ತಾಯಿ ನಾಗಾದೇವಿ. ವಿದ್ಯೆ ಮುಗಿದ ಮೇಲೆ ಅವನು ದೇಶವನ್ನು ಬಿಟ್ಟು ಮಥುರೆ, ಕನ್ಯಾಕುಬ್ಜ, ಪ್ರಯಾಗ, ವಾರಾಣಸಿಗಳನ್ನು ಕಂಡು, ಡಾಹಲದ ಕರ್ಣನ ಆಸ್ಥಾನದಲ್ಲಿದ್ದು, ಗುರ್ಜರದೇಶವನ್ನೂ ಸೋಮನಾಥವನ್ನೂ ಸೇತುವನ್ನೂ ದರ್ಶಿಸಿ, ಕಡೆಗೆ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಶ್ರಯವನ್ನು ಪಡೆದನು.

ಅಲ್ಲಿ ದೊರೆತ ಮನ್ನಣೆಯು ಅಸಾಧಾರಣವಾದುದು. ರಾಜನು ಅವನಿಗೆ ವಿದ್ಯಾಪತಿಯೆಂಬ ಪದವಿಯನ್ನೂ ನೀಲಚ್ಛತ್ರವನ್ನೂ ಆನೆಗಳನ್ನೂ ಕೊಟ್ಟನೆಂದು ಕವಿಯೇ ಹೇಳಿಕೊಂಡಿರುವನು. ೧೧೪೮ರಿಂದ ಮೊದಲ್ಗೊಂಡು ‘ರಾಜತರಂಗಿಣಿ’ಯನ್ನು ರಚಿಸಿದ ಕಲ್ಹಣನೂ ಇದನ್ನು ಸಮರ್ಥಿಸುತ್ತಾನೆ: ಕಲಶರಾಜನ ಕಾಲದಲ್ಲಿ ಕಾಶ್ಮೀರವನ್ನು ಬಿಟ್ಟ ಬಿಲ್ಹಣನನ್ನು ಕರ್ಣಾಟದ ಪರ್ಮಾಡಿಯು ವಿದ್ಯಾಪತಿಯನ್ನಾಗಿ ಮಾಡಿದನು, ಆನೆಗಳ ನಡುವೆ ಅವನ ಕೊಡೆಯು ರಾಜನ ಮುಂದೆಯೇ ಎತ್ತಿ ಹಿಡಿಯಲ್ಪಟ್ಟಿತು. ಈ ಪರ್ಮಾಡಿಯು ನಮ್ಮ ಶಾಸನಗಳ ಪೆರ್ಮಾಡಿಯೇ, ಎಂದರೆ ವಿಕ್ರಮಾದಿತ್ಯನೇ ಎಂಬುದರಲ್ಲಿ ಸಂದೇಹವಿಲ್ಲ. ಇಷ್ಟನ್ನು ಹೇಳಿದ ಕಲ್ಹಣನು ಕೂಡಲೇ ಇನ್ನೊಂದು ಮಾತನ್ನು ಸೇರಿಸುತ್ತಾನೆ. ಕಾಶ್ಮೀರದಲ್ಲಿ ಹರ್ಷದೇವನು ಸತ್ಕವಿಗಳಿಗೆ ಬಂಧುವಾಗಿರುವನೆಂಬ ವಾರ್ತೆಯನ್ನು ಕೇಳಿದಾಗ, ಬಿಲ್ಹಣನು ತನ್ನ ಅಷ್ಟು ವೈಭವವನ್ನೂ ವಂಚನೆಯೆಂದೇ ಎಣಿಸಿದನಂತೆ. ಹರ್ಷನು ಪಟ್ಟಕ್ಕೆ ಬಂದುದು ೧೦೮೯ರಲ್ಲಿ; ಕಲಶನ ಆಳ್ವಿಕೆಯ ಮೊದಲ ವರ್ಷಗಳಲ್ಲಿಯೇ, ಎಂದರೆ ೧೦೬೩ರ ಸುಮಾರಿಗೆ, ಕವಿಯು ಹೊರಟನೆಂದು ವಿದ್ವಾಂಸರು ಸಾಧಿಸಿರುವರು. ಆಗ ದೇಶವನ್ನು ಬಿಟ್ಟು ಕಾಲು ಶತಮಾನವೇ ಕಳೆದಿದ್ದಿತು.

ಕಲ್ಹಣನ ಮಾತನ್ನು ಸ್ವದೇಶಾಭಿಮಾನದ ಅತ್ಯುಕ್ತಿಯೆಂದು ತಳ್ಳಿಹಾಕಬಹುದೇ? ಕಾವ್ಯವೇ ಅದಕ್ಕೆ ಸಾಕ್ಷಿಯಾಗಿ ನಿಂತಿರುವುದರಿಂದ ಹಾಗೆ ತಳ್ಳಲಾಗದು. ಕೇಸರಿಯೂ ಕವಿತಾವಿಲಾಸವೂ ಶಾರದಾದೇಶವನ್ನು ಬಿಟ್ಟು ಬೇರೆಡೆ ಮೊಳೆತುದನ್ನು ತಾನು ಕಾಣೆನೆಂಬರ್ಥದ ಮಾತನ್ನು ಅವನು ಮೊದಲನೆಯ ಸರ್ಗದಲ್ಲಿಯೇ, ಕರ್ಣಾಟರಾಜನ ಚರಿತ್ರೆಯ ಬಾಗಿಲಿನಲ್ಲಿಯೇ, ಇಟ್ಟಿರುವನು. ಕಡೆಯ ಸರ್ಗದಲ್ಲಿ ವಿತಸ್ತಾನದಿ, ಹುಟ್ಟೂರಿನ ಕೇಸರಿ, ದ್ರಾಕ್ಷೆ, ಸಂಸ್ಕೃತ ಪ್ರಾಕೃತಗಳನ್ನು ತಾಯ್ನುಡಿಯಂತೆ ಆಡುವ ಸ್ತ್ರೀಯರು, ಇವರೆಲ್ಲರೂ ಇವೆಲ್ಲವೂ ಒಂದೊಂದಾಗಿ ಕಣ್ಣಮುಂದೆ ಬರುವುವು. ಕಾವ್ಯವು ಕಲ್ಯಾಣದ ರಾಜನಿಗಾಗಿ ಆರಂಭವಾಗಿ ಕಾಶ್ಮೀರದ ಹಳ್ಳಿಯನ್ನು ಹೊಕ್ಕು ಮುಗಿಯುವುದು.

ಬಿಲ್ಹಣನು ಕರ್ಣಾಟಕ್ಕೆ ಮಾಡಿದ ಉಪಕಾರವು ಅಲ್ಪವೆಂದು ಇದರ ಅರ್ಥವಲ್ಲ. ೧೦೬೮ರಲ್ಲಿ ಆಹವಮಲ್ಲ ಸೋಮೇಶ್ವರನು ಅಸಾಧ್ಯವಾದ ಜ್ವರದಿಂದ ಪೀಡಿತನಾಗಿ ತುಂಗಭದ್ರೆಯಲ್ಲಿ ದೇಹತ್ಯಾಗಮಾಡಿದ ವೃತ್ತಾಂತವನ್ನು ವಿಸ್ತರಿಸಿ ಬರೆದವನು ಈ ಕಾಶ್ಮೀರಕನೇ. ಚಾಲುಕ್ಯಚರಿತ್ರೆಯನ್ನು ಬರೆಯುವವರು ಇಂದಿಗೂ ಅವನಿಗೆ ಋಣಿಗಳು. ಹೀಗೆ ಅವನಿಗೆ ಧನವಿದ್ದಿತು, ಮಾನವಿದ್ದಿತು, ಕೆಲಸವೂ ಇದ್ದಿತು. ಆದರೂ ಆ ಕೆಲಸವು ಒಬ್ಬ ಪ್ರಭುವಿನ ಪ್ರೀತಿಗಾಗಿ ನಡೆದ ಕೆಲಸ. ಅದರಿಂದ ಕೀರ್ತಿಯು ಬಂದಿತು. ಕಾಶ್ಮೀರದ ಒಂದು ವಾರ್ತೆಯೆದುರಿಗೆ ಆ ಕೀರ್ತಿಯು ನಿಲ್ಲಲಿಲ್ಲ.

೨. ಪರಮಾರ್ಥ

ಎರಡನೆಯವನಾದ ಪರಮಾರ್ಥನು ಬಿಲ್ಹಣನಿಗಿಂತ ಐದು ಶತಮಾನ ಹಿಂದಿನವನು. ಇವನು ೪೯೯ರಲ್ಲಿ ಉಜ್ಜಯಿನಿಯಲ್ಲಿ ಭಾರದ್ವಾಜಗೋತ್ರದ ಬ್ರಾಹ್ಮಣಕುಲದಲ್ಲಿ ಹುಟ್ಟಿ ಬೌದ್ಧಭಿಕ್ಷುವಾದನು. ಇವನ ಚರಿತ್ರೆಯು ಏಳನೆಯ ಶತಮಾನದ ದಾವೊಷ್ವಾನನೆಂಬ ಚೀನೀ ಭಿಕ್ಷುವಿನ ಗ್ರಂಥದಿಂದ ಮುಖ್ಯವಾಗಿ ತಿಳಿದುಬರುತ್ತದೆ. ಐವತ್ತರ ಸಮೀಪದ ವಯಸ್ಸಿನಲ್ಲಿ, ೫೪೬ರಲ್ಲಿ, ತಾಳೆಗರಿಯ ಗ್ರಂಥಗಳ ಹೊರೆಯೊಡನೆ ಸಮುದ್ರಮಾರ್ಗವಾಗಿ ದಕ್ಷಿಣಚೀನವನ್ನು ಸೇರಿ, ೫೪೮ರಲ್ಲಿ ಲಿಯಾಂಗ್ ವಂಶದ ವೂ ಚಕ್ರವರ್ತಿಯ ಸ್ವಾಗತವನ್ನು ಪಡೆದನು. ಅದೇ ವರ್ಷವೇ ಹೌ ಜಿಂಗ್ ಎಂಬುವನ ದಂಗೆಯು ಎದ್ದು, ಮರುವರ್ಷ ಚಕ್ರವರ್ತಿಯೇ ತೀರಿಹೋದನು. ಪರಮಾರ್ಥನು ಊರಿಂದೂರಿಗೆ ಅಲೆಯಬೇಕಾಯಿತು. ಕಡೆಗೆ ೫೬೨ರಲ್ಲಿ ಅವನು ಹಡಗನ್ನೇರಿ ಹೊರಟನು. ಗಾಳಿಯು ತಿರುಗಿ ಹಡಗನ್ನು ಗ್ವಾಂಗ್‌ಜೌ ತೀರಕ್ಕೆ ತಂದುಹಾಕಿತು. ಇದು ವಿಧಿಯ ಇಚ್ಛೆಯೆಂದು ತಿಳಿದು ಅವನು ಅಲ್ಲಿಯೇ ನಿಂತನು.

ಆಮೇಲಿನ ಆರು ವರ್ಷಗಳು ಗಮನಾರ್ಹವಾದುವು. ಪ್ರಾಂತಾಧಿಪತಿಯ ಆಶ್ರಯವಿದ್ದಿತು. ಹುಯಿಕೈ ಎಂಬ ಪ್ರಿಯಶಿಷ್ಯನು ಜೊತೆಗಿದ್ದು ಬರೆದುಕೊಳ್ಳುತ್ತಿದ್ದನು. ಅಸಂಗನ ‘ಮಹಾಯಾನಸಂಗ್ರಹ’ವೂ ವಸುಬಂಧುವಿನ ‘ಅಭಿಧರ್ಮಕೋಶ’ವೂ ಚೀನೀ ಭಾಷೆಗೆ ಬಂದುದು ಆಗಲೇ. ಗುರುವು ಬಹುಕಾಲ ಈ ನಾಡಿನಲ್ಲಿದ್ದು ಇಲ್ಲಿಯ ನುಡಿಯ ಧ್ವನಿಯನ್ನೂ ಅರ್ಥವನ್ನೂ ಬಲ್ಲವನಾದುದರಿಂದ ದುಭಾಷಿಯ ಅಗತ್ಯವೇ ಇರಲಿಲ್ಲವೆಂದು ಹುಯಿಕೈಯೇ ಕೋಶದ ಮುನ್ನುಡಿಯಲ್ಲಿ ತಿಳಿಸಿರುವನು. ಭಾಷೆಯು ಬಂದರೆ ಒಂಟಿತನವು ಹೋಗುವುದೆಂಬುದು ಸಾಮಾನ್ಯವಾದ ನಂಬಿಕೆ. ಪರಮಾರ್ಥನಿಗೆ ಭಾಷೆಯು ಪೂರ್ಣವಾಗಿ ಬಂದಿದ್ದಿತು. ಆದರೂ ೫೬೮ರ ಆರನೆಯ ಚಾಂದ್ರಮಾಸದಲ್ಲಿ, ಕೋಶದ ಪರಿಷ್ಕೃತ ಅನುವಾದವು ಮುಗಿದು ಸುಮಾರು ಆರು ತಿಂಗಳಾದಾಗ, ಎಪ್ಪತ್ತರ ಈ ವೃದ್ಧನು ಲೋಕದ ಜಂಜಡಕ್ಕೆ ಬೇಸತ್ತು ಪ್ರಾಣವನ್ನು ಬಿಡುವೆನೆಂದು ನಗರದ ಉತ್ತರದ ಬೆಟ್ಟವನ್ನು ಹತ್ತಿದನು. ಹುಯಿಕೈಯು ಪಾಠಮಾಡುತ್ತಿದ್ದವನು ಸುದ್ದಿ ಕೇಳಿ ಓಡಿಬಂದನು. ಭಿಕ್ಷುಗಳೂ ಗೃಹಸ್ಥರೂ ಬೆಟ್ಟಕ್ಕೆ ನುಗ್ಗಿದರು. ಪ್ರಾಂತಾಧಿಪತಿಯು ಕಾವಲಿಟ್ಟು ತಾನೇ ಬಂದು ನೆಲಕ್ಕೆ ತಲೆಯಿಟ್ಟು ಬೇಡಿದನು. ಮೂರು ದಿನಗಳಾದ ಮೇಲೆ ಅವನ ಮನಸ್ಸು ತಿರುಗಿತು.

ಈ ಘಟನೆಯಲ್ಲಿ ಎರಡು ಅಂಶಗಳು ವಿಚಾರಾರ್ಹವಾಗಿವೆ. ಒಂದನೆಯದು, ದಂಗೆಯ ಕಾಲದಲ್ಲಿ ಅಲೆದಾಡುತ್ತಿದ್ದಾಗ ಬಾರದ ಈ ಸಂಕಲ್ಪವು, ಇರಲು ವಿಹಾರವೂ ಪೋಷಕನೂ ದೊರೆತು, ಹಿಡಿದ ಮಹಾಕಾರ್ಯವು ಮುಗಿದ ಮೇಲೆ ಬಂದಿತು. ಹಾಗಾದರೆ ಕಷ್ಟಕ್ಕಿಂತಲೂ ಕಾರ್ಯಸಮಾಪ್ತಿಯ ಶೂನ್ಯವೇ ಮುದುಕನಿಗೆ ಹೆಚ್ಚು ಭಯಂಕರವೆಂದು ಊಹಿಸಬಹುದು. ಎರಡನೆಯದು, ಅವನ ಬಾಳು ಒಬ್ಬನೇ ಶಿಷ್ಯನ ಮೇಲೆ ಬಹುಮಟ್ಟಿಗೆ ನಿಂತಿದ್ದಿತು. ಎರಡು ತಿಂಗಳಲ್ಲಿ ಆ ಹುಯಿಕೈಯೇ ತೀರಿಕೊಂಡನು. ಗುರುವಿನ ಶೋಕಕ್ಕೆ ಪಾರವಿಲ್ಲದಾಯಿತು. ಆದರೆ ಈ ಸಲ ಅವನು ಬೆಟ್ಟಕ್ಕೆ ಹೋಗಲಿಲ್ಲ. ಉಳಿದ ಹನ್ನೆರಡು ಮಂದಿ ಶಿಷ್ಯರನ್ನು ಕಲೆಹಾಕಿ, ಆ ಎರಡು ಗ್ರಂಥಗಳ ಪಾಠವು ಕಡಿದುಹೋಗದಂತೆ ನಡೆಯಿಸುವೆವೆಂದು ಅವರಿಂದ ಪ್ರತಿಜ್ಞೆಯನ್ನು ಮಾಡಿಸಿದನು. ೫೬೯ರ ಆರಂಭದಲ್ಲಿ ಕಾಲವಾದನು. ಒಬ್ಬನನ್ನು ಕಳೆದುಕೊಂಡವನು ಹನ್ನೆರಡು ಮಂದಿಯ ಕಡೆಗೆ ತಿರುಗಿದ ಆ ಕಡೆಯ ತಿಂಗಳುಗಳೇ ಅವನ ಪರದೇಶವಾಸದಲ್ಲಿ ಅತ್ಯಂತ ಧೀರವಾದ ಭಾಗವೆಂದು ನಮಗೆ ತೋರುತ್ತದೆ.

೩. ಅತೀಶ ದೀಪಂಕರಶ್ರೀಜ್ಞಾನ

ಮೂರನೆಯವನು ವಂಗದೇಶದ ದೀಪಂಕರಶ್ರೀಜ್ಞಾನ. ಟಿಬೆಟ್ಟಿನವರು ಇವನನ್ನು ಅತೀಶನೆಂದು ಪೂಜಿಸುವರು. ೯೮೨ರಲ್ಲಿ ಹುಟ್ಟಿದ ಇವನು ಯೌವನದಲ್ಲಿಯೇ ಸಮುದ್ರವನ್ನು ದಾಟಿ ಸುವರ್ಣದ್ವೀಪದಲ್ಲಿ ಧರ್ಮಕೀರ್ತಿಯೆಂಬ ಆಚಾರ್ಯನ ಬಳಿ ಹನ್ನೆರಡು ವರ್ಷ ಓದಿದವನು. ವಿಕ್ರಮಶಿಲಾ ಮಹಾವಿಹಾರದಲ್ಲಿ ಪ್ರಧಾನಸ್ಥಾನದಲ್ಲಿದ್ದಾಗ ಪಶ್ಚಿಮ ಟಿಬೆಟ್ಟಿನ ರಾಜವಂಶದವರ ಆಹ್ವಾನವನ್ನು ಒಪ್ಪಿ, ೧೦೪೦ರಲ್ಲಿ ಹೊರಟು, ನೇಪಾಳದ ಮಾರ್ಗವಾಗಿ ೧೦೪೨ರಲ್ಲಿ ಗೂಗೆ ದೇಶವನ್ನು ಸೇರಿದನು. ಆಗ ಅವನಿಗೆ ಅರವತ್ತು ವರ್ಷ. ಮೂರು ವರ್ಷಗಳೊಳಗೆ ಹಿಂತಿರುಗಿ ಕರೆತರುವೆನೆಂದು ಕರೆಯಬಂದವನು ವಿಹಾರಕ್ಕೆ ಮಾತುಕೊಟ್ಟಿದ್ದನೆಂದು ಟಿಬೆಟ್ಟಿನ ಚರಿತ್ರೆಗಳು ಹೇಳುತ್ತವೆ. ಅವಧಿಯು ಮುಗಿದಾಗ ನೇಪಾಳದ ಗಡಿಯಲ್ಲಿ ಕಲಹವೆದ್ದು ದಾರಿಯು ಮುಚ್ಚಿಹೋಯಿತು. ಪರಮಾರ್ಥನಿಗೆ ಗಾಳಿಯು ಮಾಡಿದುದನ್ನೇ ಅತೀಶನಿಗೆ ಯುದ್ಧವು ಮಾಡಿತು.

ಪರಿಣಾಮವು ಮಾತ್ರ ಬೇರೆಯಾಯಿತು. ಅತೀಶನು ಮಧ್ಯ ಟಿಬೆಟ್ಟಿನ ಕಡೆಗೆ ತಿರುಗಿದನು. ೧೦೫೪ರಲ್ಲಿ ಲಾಸಾ ಬಳಿಯ ನ್ಯೇಥಾಂಗಿನಲ್ಲಿ ದೇಹವನ್ನು ಬಿಡುವವರೆಗೂ ಪಾಠಪ್ರವಚನಗಳನ್ನು ನಿಲ್ಲಿಸಲಿಲ್ಲ. ಅವನ ಜೀವನಕ್ರಮದಲ್ಲಿ ನಾಲ್ಕು ವಿಷಯಗಳು ಕಂಡುಬರುವುವು. (೧) ಅವನು ಬಂದ ನಾಡಿನ ಕೊರತೆಯನ್ನು ಕೇಳಿ ತಿಳಿದು ಅದಕ್ಕೆ ತಕ್ಕ ಕೆಲಸವನ್ನು ಹಿಡಿದನು. ಗೂಗೆಯ ರಾಜಭಿಕ್ಷು ಜಾಂಗ್‌ಛುಬ್‌ ಓದನು ದೊಡ್ಡ ಶಾಸ್ತ್ರವನ್ನಲ್ಲ, ತನ್ನ ಜನಕ್ಕೆ ದಾರಿತೋರುವ ಗ್ರಂಥವನ್ನು ಬೇಡಿದನು; ಅತೀಶನು ಎಪ್ಪತ್ತು ಶ್ಲೋಕಗಳಿಗೂ ಕಡಿಮೆಯಿರುವ ‘ಬೋಧಿಪಥಪ್ರದೀಪ’ವನ್ನು ಬರೆದುಕೊಟ್ಟನು. (೨) ಅಲ್ಲಿಯ ವಿದ್ವಾಂಸರೊಡನೆ ಸಮಾನನಾಗಿ ಕುಳಿತನು. ಎಂಬತ್ತೈದರ ವೃದ್ಧನಾದ ಲೋಚಾವ ರಿಂಛೆನ್ ಸಾಂಗ್‌ಪೋ ಎಂಬ ಮಹಾನುವಾದಕನೊಡನೆ ಅವನು ಗ್ರಂಥಗಳನ್ನು ಅನುವಾದಿಸಿದನು. (೩) ತಿಳಿದವನಾಗಿ ಮಾತ್ರವಲ್ಲದೆ ಕಲಿಯುವವನಾಗಿಯೂ ನಡೆದನು. ಸಮ್ಯೆ ವಿಹಾರದ ಭಂಡಾರದಲ್ಲಿ ಭಾರತದಲ್ಲಿಯೂ ದೊರೆಯದ ಸಂಸ್ಕೃತಪುಸ್ತಕಗಳನ್ನು ಕಂಡು ವಿಸ್ಮಿತನಾದನೆಂದು ಪರಂಪರೆಯು ಹೇಳುತ್ತದೆ. (೪) ಡ್ರೋಮ್ ತೋನ್ ಎಂಬ ಗೃಹಸ್ಥಶಿಷ್ಯನನ್ನೂ ಅವನ ಮೂಲಕ ಒಂದು ಬಳಗವನ್ನೂ ಕಟ್ಟಿದನು; ಗುರುವಿನ ಮರಣಾನಂತರ ಆ ಬಳಗವೇ ಕದಂಪ ಪರಂಪರೆಯಾಗಿ ಬೆಳೆಯಿತು.

೪. ವಿಮರ್ಶೆ

ಇಲ್ಲಿ ಒಂದು ಆಕ್ಷೇಪಣೆಯು ಹುಟ್ಟಬಹುದು. ಪರಮಾರ್ಥನ ಕಾಲವು ಅರಾಜಕವಾದುದು, ಅತೀಶನಿಗೋ ಭಕ್ತರಾದ ರಾಜರಿದ್ದರು. ಆದಕಾರಣ ಇವರ ಭೇದಕ್ಕೆ ದೈವವೇ ಹೊರತು ನಡತೆಯು ಕಾರಣವಲ್ಲವೆಂದು ಹೇಳುವವರುಂಟು. ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ರಾಜಾಶ್ರಯವೇ ಸಾಕಾಗಿದ್ದರೆ ಮೂವರಲ್ಲಿ ಹೆಚ್ಚು ನೆಮ್ಮದಿಯು ಬಿಲ್ಹಣನಿಗೆ ಇರಬೇಕಾಗಿದ್ದಿತು. ಭಾಷಾಜ್ಞಾನವೇ ಸಾಕಾಗಿದ್ದರೆ ಪರಮಾರ್ಥನು ಬೆಟ್ಟವನ್ನು ಹತ್ತಬೇಕಾಗಿರಲಿಲ್ಲ. ಇನ್ನು ಸ್ವದೇಶಸ್ಮರಣೆಯೇ ದೋಷವೆಂದು ಹೇಳಬಹುದೇ? ಅದೂ ಸಲ್ಲದು. ಅತೀಶನು ಟಿಬೆಟ್ಟಿಗೆ ಹೋಗುವ ದಾರಿಯಲ್ಲಿ ಪಾಲರಾಜನಾದ ನಯಪಾಲನಿಗೆ ‘ವಿಮಲರತ್ನಲೇಖ’ವೆಂಬ ಓಲೆಯನ್ನು ಬರೆದುಕಳುಹಿಸಿದನು. ಊರನ್ನು ನೆನೆಯುವುದರಿಂದ ಕೇಡಿಲ್ಲ. ನೆನೆಯುವುದೊಂದೇ ದಿನದ ಕೆಲಸವಾದರೆ ಕೇಡು.

ಮೂವರನ್ನೂ ಒಟ್ಟಿಗೆ ನೋಡಿದರೆ ಭೇದವು ಇಲ್ಲಿರುವುದು: ಅತೀಶನು ಯೌವನದಲ್ಲಿ ಪರದೇಶದಲ್ಲಿ ಶಿಷ್ಯನಾಗಿದ್ದವನಾದುದರಿಂದ ಪರನಾಡಿನಲ್ಲಿ ಕೇಳಿ ಬಾಳುವ ಕ್ರಮವನ್ನು ಬಲ್ಲನು, ತನ್ನ ಕೆಲಸವನ್ನು ಒಬ್ಬನ ಮೇಲೆ ನಿಲ್ಲಿಸದೆ ಹಲವರಲ್ಲಿ ಹಂಚಿದನು, ಒಂದು ಗ್ರಂಥವು ಮುಗಿಯುವ ಮೊದಲೇ ಮತ್ತೊಂದರ ಆವಶ್ಯಕತೆಯು ಅವನ ಬಾಗಿಲಿಗೆ ಬರುವಂತೆ ಜನರ ನಡುವೆ ಇದ್ದನು. ಮನುವು ವಾನಪ್ರಸ್ಥನಿಗೆ ವಿಧಿಸಿದ ಸ್ವಾಧ್ಯಾಯ, ಅತಿಥಿಸತ್ಕಾರಗಳ ರಹಸ್ಯವೂ ಇದೇ ಆಗಿರಬೇಕು. ಏಕಾಂತವನ್ನು ಶಾಸ್ತ್ರಗಳು ಹೊಗಳಿವೆ. ಯಾರಿಗೂ ಬೇಡವಾಗಿ ಕುಳಿತಿರುವುದನ್ನು ಎಲ್ಲಿಯೂ ಹೊಗಳಿಲ್ಲ.

ನಿವೃತ್ತರಾಗಿ ಮಕ್ಕಳೊಡನೆ ಪರದೇಶಕ್ಕೆ ಹೊರಡುವ ನಮ್ಮ ಉಪಾಧ್ಯಾಯರಲ್ಲಿ ಎಲ್ಲರೂ ಅತೀಶರಾಗಲಾರರು, ಆಗಬೇಕಾದುದೂ ಇಲ್ಲ. ಆದರೆ ಬೋಧಿಪಥಪ್ರದೀಪದಂತಹ ಚಿಕ್ಕ ಕೆಲಸವು ಎಲ್ಲ ಊರುಗಳಲ್ಲಿಯೂ ಕಾದಿರುತ್ತದೆ. ಕನ್ನಡದ ಅಕ್ಷರವನ್ನರಿಯದ ಮೊಮ್ಮಕ್ಕಳು ಮನೆಯಲ್ಲಿಯೇ ಇರುವರು. ಅವರ ಜೊತೆಗೆ ನೆರೆಯ ನಾಲ್ವರು ಮಕ್ಕಳು ಸೇರಿದರೆ ಅದೇ ಒಂದು ಪಾಠಶಾಲೆ. ಅವರಿಗೆ ಓಲೆ ಕಲಿಸುತ್ತ, ಆ ನಾಡಿನ ನುಡಿಯನ್ನು ಅವರಿಂದಲೇ ತಾನು ಕಲಿಯಲು ನಾಚದವನಿಗೆ ಹಗಲು ಉದ್ದವಾಗಲಾರದು. ಹೊರಡುವ ಮೊದಲು ಪೆಟ್ಟಿಗೆಯನ್ನು ಕಟ್ಟುವವರು, ಅಲ್ಲಿ ತಮ್ಮಿಂದ ಕಲಿಯುವವರು ಯಾರು, ತಾವು ಯಾರಿಂದ ಕಲಿಯಬೇಕು ಎಂಬ ಎರಡು ಪ್ರಶ್ನೆಗಳನ್ನೂ ಅದರೊಳಗೆ ಇಟ್ಟುಕೊಂಡು ಹೋಗುವುದು ಯುಕ್ತವೆಂದು ಈ ಮೂವರ ಚರಿತ್ರೆಯಿಂದ ನಿಷ್ಪನ್ನವಾಗುತ್ತದೆ. ಇತ್ಯಲಂ ವಿಸ್ತರೇಣ.